ಪಾವಗಡದ ನರಸಮ್ಮಜ್ಜಿ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಕಡೆ ಹೆರಿಗೆ ನೋವು ಶುರುವಾಯಿತೆಂದರೆ ಮೊದಲು ನೆನಪಾಗುತ್ತಿದ್ದದ್ದು ಸೂಲಗಿತ್ತಿ ನರಸಮ್ಮಜ್ಜಿ. ಕಾಸು ಕೇಳಿದವರಲ್ಲ.

ಓದು ಬರಹ ಬಾರದು. ಕಸುಬು ಕಲಿಸಿದ್ದು ಅವರಜ್ಜಿ ಮರಿಗೆಮ್ಮ. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ನಾಟಿ ಔಷಧಿಯನ್ನೂ ಕಲಿತರು. ಸ್ಕ್ಯಾನಿಂಗ್ ಎಲ್ಲಿತ್ತು? ಹೊಟ್ಟೆ ಸವರಿಯೇ ಮಗುವಿನ ತಲೆ ಯಾವ ಕಡೆಗಿದೆ ಅಂತ ಹೇಳಿಬಿಡುತ್ತಿದ್ದರು.

ಸುಮಾರು 70 ವರ್ಷ, 15,000ಕ್ಕೂ ಹೆಚ್ಚು ಹೆರಿಗೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ, ವಾರಕ್ಕೆ ನಾಲ್ಕು! ಇದರ ನಡುವೆ ತಾವೂ 12 ಮಕ್ಕಳನ್ನು ಹೆತ್ತರು, ಮೊಮ್ಮಕ್ಕಳನ್ನು ಎತ್ತಾಡಿಸಿದರು.

2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಪದ್ಮಶ್ರೀ ಮಾತ್ರ ತಡವಾಗಿಯೇ ಬಂತು, 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು ಅಜ್ಜಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಬೇರೆ ಹೆಂಗಸರಿಗೂ ಈ ವಿದ್ಯೆ ಹೇಳಿಕೊಟ್ಟಾಗಿತ್ತು.