ಸಿಲ್ ಮತ್ತು ಸ್ಟ್ರೊಮ್ಮಿಂಗ್: ಒಂದು ಮತ್ಸ್ಯಜಾತಿಯ ಒಳಭೇದಗಳ ವಿಚಾರ

ಸ್ವೀಡನ್ ದೇಶದ ಭಾಷೆಯಲ್ಲಿ ಹೆರಿಂಗ್ ಎಂಬ ಮೀನಿಗೆ ಎರಡು ಹೆಸರುಗಳುಂಟು. ಪಶ್ಚಿಮದ ಉಪ್ಪುಸಮುದ್ರದಲ್ಲಿ ದೊರೆಯುವುದು ಸಿಲ್. ಪೂರ್ವದ ಬಾಲ್ಟಿಕ್ ಸಮುದ್ರದಲ್ಲಿ, ಕಾಲ್ಮಾರ್ ಪಟ್ಟಣದಿಂದ ಉತ್ತರಕ್ಕೆ ದೊರೆಯುವುದು ಸ್ಟ್ರೊಮ್ಮಿಂಗ್. ಶಾಸ್ತ್ರದಲ್ಲಾದರೋ ಎರಡೂ ಒಂದೇ ಜಾತಿ. ಲಿನ್ನೇಯಸ್ ಪಂಡಿತನು 1758ರಲ್ಲಿ ಈ ಮೀನಿಗೆ ಕ್ಲೂಪಿಯ ಹರೆಂಗಸ್ ಎಂಬ ಹೆಸರನ್ನು ಕೊಟ್ಟು, 1761ರಲ್ಲಿ ಬಾಲ್ಟಿಕ್ ಸಮುದ್ರದ್ದನ್ನು ಮೆಂಬ್ರಾಸ್ ಎಂಬ ಅವಾಂತರಭೇದವೆಂದು ಗಣಿಸಿದನು. ಜನರ ಈ ನಾಮಭೇದಕ್ಕೆ ವಸ್ತುವಿನಲ್ಲಿ ಆಧಾರವುಂಟೆ, ಅಥವಾ ಅದು ಬರಿಯ ದೇಶಾಚಾರವೆ ಎಂಬುದು ಪ್ರಕೃತ ವಿಚಾರ. ಶಬ್ದಾರ್ಥಗಳ ಸಂಬಂಧವನ್ನು ಚಿಂತಿಸುವವರಿಗೆ ಇದು ಕೇವಲ ಅನ್ಯಶಾಸ್ತ್ರದ ವಿಷಯವೆಂದು ತೋರಲಾರದು.

ಹೆರಿಂಗ್ ಮೀನು ನಮ್ಮ ಕರಾವಳಿಯ ಬೂತಾಯಿಗೆ ದೂರದ ಬಂಧು. ಅದರಂತೆಯೇ ಅಸಂಖ್ಯವಾಗಿ ಹಿಂಡುಗಟ್ಟಿ ಬಾಳುವುದು. ಬಾಲ್ಟಿಕ್ ಸಮುದ್ರದ ಹೆರಿಂಗ್ ಅಳತೆಯಲ್ಲಿ ಚಿಕ್ಕದು. ಅದರಲ್ಲಿ ಕೊಬ್ಬೂ ಕಡಮೆ. ಜರ್ಮನಿಯ ಫ್ರೀಡ್ರಿಕ್ ಹೈಂಕೆ ಎಂಬ ವಿದ್ವಾಂಸನು ಬೆನ್ನೆಲುಬಿನ ಮಣಿಗಳು ಮೊದಲಾದ ಅಂಗಗಳನ್ನು ಎಣಿಸಿ, ಈ ಜಾತಿಯಲ್ಲಿ ಬೇರೆಬೇರೆ ಕುಲಗಳಿರುವುವೆಂದು 1898ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದನು.

ಇಲ್ಲಿ ಪೂರ್ವಪಕ್ಷವೊಂದುಂಟು. ಸಮುದ್ರದಲ್ಲಿ ಗೋಡೆಯಿಲ್ಲ, ಬೆಟ್ಟವಿಲ್ಲ. ಮೀನು ದೂರದೂರಕ್ಕೆ ಸಂಚರಿಸುವುದು. ಮಿಶ್ರಣಕ್ಕೆ ತಡೆಯಿಲ್ಲದಿರುವಲ್ಲಿ ವಂಶಭೇದವು ಹೇಗೆ ನಿಂತೀತು? ದೇಹದಲ್ಲಿ ಕಾಣುವ ಭೇದವು ನೀರಿನ ಮತ್ತು ಆಹಾರದ ಗುಣದಿಂದಲೇ ಉಂಟಾಗಿರಬಹುದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಕ್ತಮಾಂಸಗಳ ಪ್ರೋಟೀನುಗಳನ್ನು ಪರೀಕ್ಷಿಸಿದವರಿಗೂ ದೂರದ ಹಿಂಡುಗಳ ನಡುವೆ ಭೇದವು ಅತ್ಯಲ್ಪವಾಗಿಯೇ ಕಂಡಿತು. ಇದರಿಂದ ಪೂರ್ವಪಕ್ಷವು ಬಲಗೊಂಡಿತು.

ಸಿದ್ಧಾಂತವು ಡಿಎನ್‌ಎಯನ್ನು ಅಕ್ಷರಶಃ ಓದಿದಮೇಲೆ ದೊರೆಯಿತು. ಈ ಮೀನಿನ ವಂಶಲೇಖವು 70 ಕೋಟಿಗೂ ಮೇಲ್ಪಟ್ಟ ಅಕ್ಷರಗಳ ಗ್ರಂಥ. ಉಪ್ಸಾಲಾ ವಿಶ್ವವಿದ್ಯಾಲಯದ ಲೇಯ್ಫ್ ಆಂಡರ್ಸನ್ ಮತ್ತು ಅವರ ಸಂಗಡಿಗರು 2012ರಲ್ಲಿಯೂ 2016ರಲ್ಲಿಯೂ ಪ್ರಕಟಿಸಿದ ಶೋಧನೆಗಳಿಂದ ತಿಳಿದುದೇನೆಂದರೆ: ಗ್ರಂಥದ ಬಹುಭಾಗವು ಎಲ್ಲ ಹಿಂಡುಗಳಲ್ಲಿಯೂ ಸಮಾನ, ಕೆಲವು ನಿಯತಸ್ಥಾನಗಳಲ್ಲಿ ಮಾತ್ರ ಭೇದವು ಸ್ಫುಟ. ಇದರ ಕಾರಣವನ್ನು ಹಸ್ತಪ್ರತಿಗಳ ದೃಷ್ಟಾಂತದಿಂದ ತಿಳಿಯಬಹುದು. ಒಂದೂರಿನಲ್ಲಿ ಒಂದು ಗ್ರಂಥದ ಪ್ರತಿಗಳು ನಾಲ್ಕೇ ಇದ್ದರೆ, ಲಿಪಿಕಾರನ ಪ್ರಮಾದವೊಂದು ಆ ಊರಿನ ಪಾಠವೇ ಆಗಿಬಿಡಬಹುದು. ಸಾವಿರಾರು ಪ್ರತಿಗಳಿದ್ದರೆ ಹಾಗಾಗದು. ಅಷ್ಟು ಪ್ರತಿಗಳಿದ್ದೂ ಒಂದು ಸೀಮೆಯವೆಲ್ಲ ಒಂದೇ ಪಾಠಾಂತರವನ್ನು ಹಿಡಿದಿದ್ದರೆ, ಅದು ಆಕಸ್ಮಿಕವಲ್ಲ. ಹೆರಿಂಗಿನ ಸಂಖ್ಯೆ ಅಪಾರವಾದುದರಿಂದ ಕಾಕತಾಳೀಯವಾಗಿ ಭೇದವು ಬೆಳೆಯಲಾರದು. ಬೆಳೆದಿರುವ ಭೇದವು ಆಯಾ ಜಲದಲ್ಲಿ ಬಾಳಲು ಉಪಕಾರಕವಾದುದು.

ಉದಾಹರಣೆಗೆ, ಅಟ್ಲಾಂಟಿಕ್ ಮಹಾಸಾಗರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಭಾಗ ಉಪ್ಪಿದ್ದರೆ, ಬಾಲ್ಟಿಕ್ ಸಮುದ್ರದ ಉತ್ತರಭಾಗದಲ್ಲಿ 2-3 ಭಾಗ ಮಾತ್ರ. ಬಾಲ್ಟಿಕ್ ನೀರಿನಲ್ಲಿ ಕರಗಿರುವ ಸಸ್ಯಾದಿಗಳ ಅಂಶವು ನೀಲಕಾಂತಿಯನ್ನು ಹೀರುವುದರಿಂದ, ಒಳಗಿನ ಬೆಳಕು ಕೆಂಪಿನ ಕಡೆಗೆ ವಾಲಿರುವುದು. ಮಂದವಾದ ಬೆಳಕಿನಲ್ಲಿ ನೋಡಲು ಸಾಧನವಾದ ರೊಡಾಪ್ಸಿನ್ ಎಂಬ ನೇತ್ರವಸ್ತುವಿನ 261ನೆಯ ಸ್ಥಾನದಲ್ಲಿ ಅಟ್ಲಾಂಟಿಕ್ ಮೀನಿಗೆ ಫೀನೈಲಲನೀನ್ ಇದ್ದರೆ, ಬಾಲ್ಟಿಕ್ ಮೀನಿಗೆ ಟೈರೋಸೀನ್ ಇರುವುದು. ಈ ಆದೇಶದಿಂದ ಕಣ್ಣು ಕೆಂಪುಗಡೆಯ ಬೆಳಕನ್ನು ಹೆಚ್ಚು ಗ್ರಹಿಸುವುದೆಂದು 2019ರಲ್ಲಿ ಸಿದ್ಧವಾಯಿತು. ಉಪ್ಪುನೀರಿನಿಂದ ಸವುಳುನೀರಿಗೋ ಸಿಹಿನೀರಿಗೋ ಬಂದ ಇತರ ಅನೇಕ ಮತ್ಸ್ಯವಂಶಗಳಲ್ಲಿಯೂ ಇದೇ ಆದೇಶವು ಸ್ವತಂತ್ರವಾಗಿ ಮತ್ತೆಮತ್ತೆ ಆಗಿರುವುದು. ಆದುದರಿಂದ ಸಿಲ್, ಸ್ಟ್ರೊಮ್ಮಿಂಗ್ ಎಂಬ ನಾಮದ್ವಯವು ನಿರಾಧಾರವಲ್ಲ.

ಆದರೆ ಲೋಕದ ಹೆಸರು ಎಲ್ಲ ಭೇದಗಳನ್ನೂ ಹಿಡಿದಿದೆಯೆಂದು ಭಾವಿಸಬಾರದು. ಎರಡು ಸಮುದ್ರಗಳಲ್ಲಿಯೂ ವಸಂತದಲ್ಲಿ ಮೊಟ್ಟೆಯಿಡುವ ಕುಲಗಳೂ ಶರತ್ಕಾಲದಲ್ಲಿ ಮೊಟ್ಟೆಯಿಡುವ ಕುಲಗಳೂ ಬೇರೆಬೇರೆಯಾಗಿರುವುವು. ಥೈರಾಯ್ಡ್ ಗ್ರಂಥಿಯ ವ್ಯಾಪಾರಕ್ಕೂ ಋತುಜ್ಞಾನಕ್ಕೂ ಸಂಬಂಧಪಟ್ಟ ವಂಶವಾಹಿಯೊಂದರಲ್ಲಿ ಇವಕ್ಕೆ ಸ್ಪಷ್ಟವಾದ ಪಾಠಭೇದವುಂಟು. ಬಾಲ್ಟಿಕ್ ಸಮುದ್ರದಲ್ಲಿ ಇವೆರಡೂ ಸ್ಟ್ರೊಮ್ಮಿಂಗ್ ಎಂಬ ಒಂದೇ ಹೆಸರಿನಲ್ಲಿ ಅಡಗಿರುವುವು.

ಹೆಸರಿನ ಈ ಐಕ್ಯವು ಅನರ್ಥಕ್ಕೂ ಕಾರಣವಾಗಬಲ್ಲುದು. ಜರ್ಮನಿಯ ರ್ಯೂಗೆನ್ ದ್ವೀಪದ ಬಳಿ ವಸಂತದಲ್ಲಿ ಮೊಟ್ಟೆಯಿಡುವ ಪಶ್ಚಿಮ ಬಾಲ್ಟಿಕ್ ಕುಲವು ಆಹಾರಾರ್ಥವಾಗಿ ಕಾಟ್ಟೆಗಾಟ್, ಸ್ಕಾಗೆರಾಕ್ ಎಂಬ ಜಲಭಾಗಗಳಿಗೆ ಹೋಗಿ, ಉತ್ತರಸಮುದ್ರದ ಶರತ್ಕಾಲದ ಕುಲದೊಡನೆ ಬೆರೆಯುವುದು. ಬಲೆಯಲ್ಲಿ ಇಬ್ಬರೂ ಒಂದೇ, ಕಣ್ಣಿಗೂ ಒಂದೇ. ಪಶ್ಚಿಮ ಬಾಲ್ಟಿಕ್ ಕುಲವು ಕ್ಷೀಣಿಸಿದುದನ್ನು ಕಂಡು, ಸಮುದ್ರಪರಿಶೋಧನೆಯ ಅಂತರರಾಷ್ಟ್ರೀಯ ಮಂಡಲಿಯು 2019ನೆಯ ವರ್ಷಕ್ಕೆ ಅದನ್ನು ಸ್ವಲ್ಪವೂ ಹಿಡಿಯಬಾರದೆಂದು 2018ರಲ್ಲಿ ಸಲಹೆಕೊಟ್ಟಿತು. ಹೆರಿಂಗ್ ಎಂದು ಒಟ್ಟಾಗಿ ಎಣಿಸುವವನಿಗೆ ಸಮೃದ್ಧಿಯೇ ಕಾಣುವುದು. ಬಂಧುವಿನ ಸಮೃದ್ಧಿಯ ಮರೆಯಲ್ಲಿ ದುರ್ಬಲಕುಲವು ಸದ್ದಿಲ್ಲದೆ ಸವೆಯುವುದು. ಕಿವಿಯ ಕಲ್ಲಿನ ರೇಖೆಗಳಿಂದ ಮಾತ್ರವಲ್ಲದೆ ವಂಶಾಕ್ಷರಗಳಿಂದಲೂ ಒಂದೊಂದು ಮೀನಿನ ಕುಲವನ್ನು ಈಗ ನಿರ್ಣಯಿಸಬಹುದಾಗಿದೆ.

ಇಷ್ಟರಿಂದ ಸಿದ್ಧವಾದುದು ಎರಡು. ಜಾನಪದವಾದ ಹೆಸರನ್ನು ಅಜ್ಞರ ಮಾತೆಂದು ತಳ್ಳಬಾರದು. ಶಾಸ್ತ್ರವು ತಡವಾಗಿ ಕಂಡುದನ್ನು ಅದು ಮೊದಲೇ ಸೂಚಿಸಿರಬಹುದು. ಹೆಸರು ಒಂದಾಗಿದೆಯೆಂದು ವಸ್ತುವನ್ನೂ ಒಂದೆಂದು ಎಣಿಸಬಾರದು; ಹಾಗೆ ಎಣಿಸಿದ ಲೆಕ್ಕದಲ್ಲಿ ಅಳಿದುಹೋದ ಕುಲವು ಅಳಿದುದೂ ತಿಳಿಯಲಾರದು.