ಜೇನಿಗೆ ಆರ್‌ಎನ್‌ಎ ಮದ್ದು: ರೋಗ ತಗ್ಗಿದ್ದು ಯಾವುದರಿಂದ?

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ತಗುಲಿ ನಮ್ಮ ಮಲೆನಾಡಿನ ತುಡುವೆ ಜೇನಿನ ಪೆಟ್ಟಿಗೆಗಳು ಒಂದರ ಹಿಂದೊಂದು ಬರಿದಾದುದನ್ನು ಹಿರಿಯ ಬೆಳೆಗಾರರು ಮರೆತಿರಲಾರರು. ಈ ರೋಗದಲ್ಲಿ ಮರಿಹುಳು ಬೆಳೆಯಲಾರದೆ, ನೀರು ತುಂಬಿದ ಚೀಲದಂತಾಗಿ ಸಾಯುತ್ತದೆ. ರೋಗಕ್ಕೆ ಕಾರಣ ಒಂದು ವೈರಸ್. ಬೇರೆ ಗಿಡದ ಪರಾಗ ಬಿದ್ದರಷ್ಟೇ ಕಾಯಿ ಕಟ್ಟುವ ರೋಬಸ್ಟಾ ಬೆಳೆಯುವ ನಮಗೆ ಜೇನಿನ ಚಿಂತೆ ಮನೆಯ ಚಿಂತೆಯೇ.

ಈಗ ಆರ್‌ಎನ್‌ಎ ಮದ್ದಿನ ಮಾತು ಕೇಳಿಬರುತ್ತಿದೆ. ಜೀವಕೋಶದಲ್ಲಿ ಜೀನ್‌ನ ಸಂದೇಶ ಒಯ್ಯುವುದು ಆರ್‌ಎನ್‌ಎ. ಆ ಸಂದೇಶಕ್ಕೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಒಳಹೊಕ್ಕರೆ ಜೀವಕೋಶವೇ ಸಂದೇಶವನ್ನು ಕತ್ತರಿಸಿ ಹಾಕುತ್ತದೆ. 1998ರಲ್ಲಿ ಇದನ್ನು ತೋರಿಸಿಕೊಟ್ಟ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂತಹ ಆರ್‌ಎನ್‌ಎಯಿಂದ ತುಡುವೆ ಜಾತಿಯ ಜೇನಿನಲ್ಲಿ ಸ್ಯಾಕ್‌ಬ್ರೂಡ್ ವೈರಸ್ಸನ್ನು ತಡೆಯಬಹುದೆಂದು ಚೀನಾದ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು.

ಮೈ ಎಚ್ಚರಗೊಂಡಾಗ

ಆದರೆ ಇಲ್ಲೊಂದು ತೊಡಕಿದೆ. ಅನೇಕ ವೈರಸ್‌ಗಳು ಮರಿ ಹಾಕುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ. ಆದ್ದರಿಂದ ಅದನ್ನು ಕಂಡೊಡನೆ ಪ್ರಾಣಿಯ ಮೈ ಶತ್ರು ಬಂದನೆಂದು ಎಚ್ಚರಗೊಳ್ಳುತ್ತದೆ. 2013ರಲ್ಲಿ ಅಮೆರಿಕದ ಮಿಶೆಲ್ ಫ್ಲೆನಿಕೆನ್ ಮತ್ತು ರೌಲ್ ಆಂಡಿನೊ, ಸೋಂಕಿದ ಜೇನುಹುಳುಗಳಿಗೆ ಆ ವೈರಸ್ಸಿಗೆ ಸಂಬಂಧವೇ ಇಲ್ಲದ ಜೋಡಿ ಎಳೆ ಕೊಟ್ಟು ನೋಡಿದರು. ಆಗಲೂ ವೈರಸ್ ತಗ್ಗಿತು!

ಹೇಗಾದರೂ ತಗ್ಗಿದರಾಯಿತಲ್ಲ ಎನ್ನಬಹುದು. ಹಾಗಲ್ಲ. ಮೈಯ ಎಚ್ಚರ ಪುಕ್ಕಟೆ ಬರುವುದಿಲ್ಲ. ಸಸ್ತನಿಗಳಲ್ಲಿ ಅದು ಇಂಟರ್‌ಫೆರಾನ್ ಹೊರಡಿಸಿ ಜ್ವರ, ಮೈಕೈ ನೋವು ತರಬಲ್ಲದು. 2018ರಲ್ಲಿ ಅಮೆರಿಕದಲ್ಲಿ ಮಂಜೂರಾದ ಈ ಬಗೆಯ ಮೊದಲ ಔಷಧಿ ಪಾಟಿಸಿರಾನ್ ಏರಿಸುವ ಮುನ್ನ, ಮೈ ಕೆರಳದಂತೆ ರೋಗಿಗೆ ಸ್ಟೀರಾಯ್ಡ್ ಮತ್ತು ಅಲರ್ಜಿ ಮದ್ದು ಕೊಡಬೇಕು. ಕಣ್ಣಿನ ಮದ್ದುಗಳ ವಿಷಯದಲ್ಲೂ 2008ರಲ್ಲಿ ಜಯಕೃಷ್ಣ ಅಂಬಾಟಿ ಅವರ ತಂಡ ಎಚ್ಚರಿಸಿತ್ತು: ಇಲಿಗಳ ಕಣ್ಣಿನಲ್ಲಿ ರಕ್ತನಾಳದ ಬೆಳವಣಿಗೆ ನಿಂತದ್ದು ಜೀನ್ ಮೌನವಾದುದರಿಂದಲ್ಲ, ಮೈಯ ಎಚ್ಚರದಿಂದ.

ಬೆಳೆಗಾರರು ಕೇಳಬೇಕಾದುದು

ಕೊಳೆರೋಗಕ್ಕೆ ಹೊಸ ಔಷಧಿ ಬಂದರೆ ನಾವು ಒಂದು ಸಾಲಿಗೆ ಅದನ್ನು, ಇನ್ನೊಂದಕ್ಕೆ ಬೋರ್ಡೋ ದ್ರಾವಣವನ್ನು ಹೊಡೆದು, ಮತ್ತೊಂದನ್ನು ಹಾಗೆಯೇ ಬಿಟ್ಟು ನೋಡುತ್ತೇವೆ. ಜೇನಿನ ಮದ್ದಿಗೂ ಅದೇ ನ್ಯಾಯ. ಬರಿಯ ಸಕ್ಕರೆ ಪಾಕ ಉಂಡ ಗೂಡು ಏನಾಯಿತು? ಸಂಬಂಧವಿಲ್ಲದ ಆರ್‌ಎನ್‌ಎ ಉಂಡ ಗೂಡು ಏನಾಯಿತು? ಮುಂದಿನ ಮಳೆಗಾಲದಲ್ಲಿ ಆ ಕುಟುಂಬಗಳು ಬದುಕಿದವೇ? ಮೂರಕ್ಕೂ ಉತ್ತರ ಸಿಕ್ಕುವವರೆಗೆ ಎಲ್ಲ ಪೆಟ್ಟಿಗೆಗಳಿಗೂ ಮದ್ದು ಉಣಿಸುವ ಆತುರ ಬೇಡ.