ಪದವೀಧರನೂ ಅವನ ಕೆಲಸವೂ

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ

ಕಾಲೇಜಿನ ಮೂರು ವರ್ಷಗಳು ಮುಗಿಯುತ್ತ ಬಂದಿವೆ. ಇನ್ನು ಕೆಲವೇ ದಿನಗಳಲ್ಲಿ ನಮ್ಮಲ್ಲಿ ಅನೇಕರು ಪದವೀಧರರೆಂಬ ಹೆಸರನ್ನು ಹೊತ್ತು ಈ ಹೆಬ್ಬಾಗಿಲನ್ನು ದಾಟಲಿದ್ದೇವೆ. "ಮುಂದೇನು?" ಎಂಬ ಪ್ರಶ್ನೆ ಈಗಲೇ ನಮ್ಮ ಬೆನ್ನು ಹತ್ತಿದೆ. ರಜೆಯಲ್ಲಿ ಊರಿಗೆ ಹೋದರೆ, ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನಾಲ್ಕು ಮಂದಿಯಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗಿದೆಯೆಂದಲ್ಲ. ಆದರೆ ಸೋಲೆಂದರೇನು, ಗುರಿಯೆಂದರೇನು, ಮಾಡುವ ಕೆಲಸದಲ್ಲಿ ಒಲವು ಹುಟ್ಟುವುದು ಹೇಗೆ ಎಂಬ ಮೂರು ವಿಷಯಗಳನ್ನು ಕುರಿತು ಒಂದೂವರೆ ವರ್ಷದಿಂದ ನಾನು ಯೋಚಿಸುತ್ತ ಬಂದಿದ್ದೇನೆ. ಆ ಯೋಚನೆಯನ್ನು ಸಹಪಾಠಿಗಳ ಮುಂದೂ ಗುರುಗಳ ಮುಂದೂ ಇಡುವುದಷ್ಟೇ ಈ ಲೇಖನದ ಉದ್ದೇಶ.

ಯೋಚನೆಗೆ ಕಾರಣವಾದದ್ದು ಒಂದು ಸೋಲು. ಎರಡನೆಯ ವರ್ಷದಲ್ಲಿ ನಾನು ಇಂಗ್ಲಿಷ್ ಪತ್ರಿಕೆಯಲ್ಲಿ ಅನುತ್ತೀರ್ಣನಾದೆ. ಇದೇನು ಮಹಾ ಸಂಗತಿಯೆಂದು ಕೆಲವರು ನಗಬಹುದು. ಆದರೆ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಓದಿದವರ ಮನೆಯ ಹುಡುಗ ಒಂದು ಪತ್ರಿಕೆಯಲ್ಲಿ ಸೋತರೆ ಅದು ಆ ಹುಡುಗನ ಸೋಲು. ನಮ್ಮಂಥವರು ಸೋತರೆ ಓದೇ ಸೋತಂತೆ. "ಮಗ್ಗದ ಮನೆಯವನಿಗೆ ಇದೆಲ್ಲ ಯಾಕೆ ಬೇಕಿತ್ತು?" ಎನ್ನುವವರು ಕಾದಿರುತ್ತಾರೆ. ನನ್ನ ಹಿಂದೆ ಹೈಸ್ಕೂಲಿನಲ್ಲಿರುವ ತಂಗಿಯ ಓದಿನ ಮೇಲೂ ಅದರ ನೆರಳು ಬೀಳುತ್ತದೆ. ಫಲಿತಾಂಶ ಬಂದ ಎರಡು ದಿನ ನಾನು ಮನೆಯಲ್ಲಿ ವಿಷಯ ತಿಳಿಸಲಿಲ್ಲ. ಮೂರನೆಯ ದಿನ, ಅಪ್ಪ ಮಗ್ಗದಲ್ಲಿ ಕುಳಿತಿದ್ದಾಗ, ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆಂದು ಹೇಳಿದೆ. ಅಪ್ಪ ಲಾಳಿಯನ್ನು ನಿಲ್ಲಿಸಿ, "ಎಳಿ ಹರದ್ರ ಮಗ್ಗಾ ಬಿಟ್ಟ ಏಳ್ತಾರೇನೋ ತಮ್ಮಾ? ಗಂಟ ಹಾಕಿ ಮುಂದ ನೇಯೋದು" ಎಂದು ಮತ್ತೆ ಕೆಲಸಕ್ಕೆ ತೊಡಗಿದರು. ಮತ್ತೊಂದು ಮಾತಾಡಲಿಲ್ಲ. ನಾನು ಕಾಲೇಜಿಗೆ ಹಿಂತಿರುಗಿದೆ.

ಮರುಪರೀಕ್ಷೆಗೆ ಓದುವಾಗ ನನಗೊಂದು ಉಪಾಯ ಹೊಳೆಯಿತು. ಇಂಗ್ಲಿಷ್ ಶಬ್ದದಿಂದ ಹೊರಟರೆ ನಾನು ದಾರಿ ತಪ್ಪುತ್ತಿದ್ದೆ. ಆದ್ದರಿಂದ ನನಗೆ ಗೊತ್ತಿರುವ ಕನ್ನಡ ಶಬ್ದದಿಂದ ಹೊರಟು ಇಂಗ್ಲಿಷಿಗೆ ಹೋಗೋಣವೆಂದು ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟನ್ನು ತೆರೆದೆ. ಅದರಲ್ಲಿ ಶಬ್ದಗಳು ಕನ್ನಡದಲ್ಲಿವೆ, ಅರ್ಥ ಇಂಗ್ಲಿಷಿನಲ್ಲಿದೆ. ಓದುತ್ತ ಹೋದಂತೆ ಇಂಗ್ಲಿಷಿಗಿಂತ ಹೆಚ್ಚಾಗಿ ಆ ಗ್ರಂಥವನ್ನು ರಚಿಸಿದವರ ಜೀವನವೇ ನನ್ನನ್ನು ಹಿಡಿದು ನಿಲ್ಲಿಸಿತು.

ಫರ್ಡಿನಾಂಡ್ ಕಿಟ್ಟೆಲ್ ಅವರು 1832ರಲ್ಲಿ ಜರ್ಮನಿಯ ಉತ್ತರ ಕಡಲಂಚಿನ ಪ್ರಾಂತದಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಈ ದೇಶಕ್ಕೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ನಿಘಂಟು ಬರೆಯುವುದಕ್ಕಲ್ಲ. ಜನರ ನಡುವೆ ಜನರಂತೆಯೇ ಬಾಳಿ ಅವರ ಭಾಷೆಯನ್ನೂ ಕಾವ್ಯವನ್ನೂ ಕಲಿಯಬೇಕೆಂಬುದು ಅವರ ಹಂಬಲವಾಗಿತ್ತು. ಈ ರೀತಿ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ, ಭಿನ್ನಾಭಿಪ್ರಾಯಗಳು ಬೆಳೆದವು. ಪ್ರಚಾರಕರಾಗಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸೂ ಬರಲಿಲ್ಲ. ಯಾವ ಕೆಲಸಕ್ಕೆಂದು ಅಷ್ಟು ದೂರ ಬಂದರೋ ಆ ಕೆಲಸವೇ ಕೈಗೂಡಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಹಿನ್ನಡೆ ಯಾವುದು?

ಆದರೆ ಮುಖ್ಯ ಕೆಲಸದ ಬದಿಯಲ್ಲಿ, ಅದಕ್ಕೆ ಸಾಧನವೆಂದು ಕೈಗೊಂಡ ಭಾಷಾಭ್ಯಾಸವೇ ಅವರ ಬಾಳಿನ ಮುಖ್ಯ ಕೆಲಸವಾಯಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪ್ರಕಟಿಸಿದರು. ಆ ದಶಕದಲ್ಲಿಯೇ ನಿಘಂಟಿನ ಕೆಲಸ ಮೊದಲಾಯಿತು. ನಡುವೆ ಜರ್ಮನಿಗೆ ಹಿಂತಿರುಗಿದವರು, ನಿಘಂಟನ್ನು ಪೂರೈಸುವುದಕ್ಕಾಗಿಯೇ ಐವತ್ತರ ವಯಸ್ಸು ದಾಟಿದ ಮೇಲೆ ಮತ್ತೆ ಕಡಲು ದಾಟಿ ಬಂದರು. ದೇಹಸ್ಥಿತಿ ಕೆಟ್ಟು 1892ರಲ್ಲಿ ಕೊನೆಯ ಬಾರಿಗೆ ಈ ನೆಲವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಗಿ ಹೊರಬಂದಾಗ ಅದರಲ್ಲಿ ಸುಮಾರು 70,000 ಶಬ್ದಗಳಿದ್ದವು; ಪುಟಗಳು ಸಾವಿರದ ಏಳುನೂರಕ್ಕೂ ಹೆಚ್ಚು. ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯ ಫಲವದು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅಷ್ಟಕ್ಕೇ ವಿಶ್ರಮಿಸದೆ ಕನ್ನಡ ವ್ಯಾಕರಣವೊಂದನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಈ ಜೀವನದಿಂದ ನನಗೆ ತಿಳಿದದ್ದು ಎರಡು ಮಾತು. ಮೊದಲನೆಯದು, ಒಂದು ಕೆಲಸ ಸೋತಿತೆಂದರೆ ಆ ಮನುಷ್ಯನೇ ಸೋತನೆಂದಲ್ಲ. ಎರಡನೆಯದು, ಗುರಿಯೆಂಬುದು ಮೊದಲೇ ಯಾರೋ ಬರೆದಿಟ್ಟ ವಿಳಾಸವಲ್ಲ. "ನನ್ನ ಗುರಿ ಇನ್ನೂ ನನಗೆ ಗೊತ್ತಾಗಿಲ್ಲ" ಎಂದು ನಮ್ಮಲ್ಲಿ ಹಲವರು ಕೊರಗುವುದನ್ನು ಹಾಸ್ಟೆಲಿನಲ್ಲಿ ಕೇಳಿದ್ದೇನೆ. ಮಂಗಳೂರಿಗೆ ಬಂದಿಳಿದ ಇಪ್ಪತ್ತೊಂದು ವರ್ಷದ ಕಿಟ್ಟೆಲ್ ಅವರಿಗೂ ಅದು ಗೊತ್ತಿರಲಿಲ್ಲ. ಕೈಗೆ ಬಂದ ಕೆಲಸವನ್ನು ಆಳವಾಗಿ ಮಾಡುತ್ತ ಹೋದವರಿಗೆ ಗುರಿಯು ದಾರಿಯ ನಡುವೆ ಕಾಣಿಸಿಕೊಳ್ಳುತ್ತದೆ. ಕುಳಿತಲ್ಲೇ ಅದಕ್ಕಾಗಿ ಕಾಯುವವರಿಗೆ ಕಾಣುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದು ನನ್ನದೇ ಆಕ್ಷೇಪಣೆ. "ಒಲಿದ ಕೆಲಸವನ್ನೇ ಮಾಡು" ಎಂಬ ಉಪದೇಶ ಹೊಟ್ಟೆ ತುಂಬಿದವರಿಗೆ ಸರಿ. ಸಾಲದ ಮನೆಯಿಂದ ಬಂದವನು ಸಂಬಳ ಬರುವ ಕೆಲಸ ಹುಡುಕಬೇಕಲ್ಲದೆ ಒಲವನ್ನು ಹುಡುಕಲಾದೀತೆ? ಕಿಟ್ಟೆಲ್ ಅವರ ಬೆನ್ನಿಗೆ ಒಂದು ಮಿಷನ್ ಇತ್ತು. ನಮ್ಮ ಬೆನ್ನಿಗೆ ಏನಿದೆ?

ಈ ಪ್ರಶ್ನೆಗೆ ಉತ್ತರವಾಗಿ ಡಿ.ವಿ. ಗುಂಡಪ್ಪನವರ ಜೀವನವನ್ನು ನೋಡಬಹುದು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಅಲ್ಲಿಗೆ ಶಾಲೆಯ ಓದು ಮುಗಿಯಿತು. ಬದುಕಿಗಾಗಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿನಲ್ಲಿ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲಿಯೂ ದುಡಿದರು. ಆಮೇಲೆ ಪತ್ರಿಕೋದ್ಯಮ ಅವರನ್ನು ಕರೆಯಿತು. ಶಾಲೆ ಬಿಟ್ಟರೇ ಹೊರತು ಓದನ್ನು ಬಿಡಲಿಲ್ಲ. ಸಂಸ್ಕೃತವನ್ನೂ ವೇದಾಂತವನ್ನೂ ರಾಜ್ಯಶಾಸ್ತ್ರವನ್ನೂ ಸ್ವಂತ ಪರಿಶ್ರಮದಿಂದ ಕರಗತ ಮಾಡಿಕೊಂಡರು. 1943ರಲ್ಲಿ ಮಂಕುತಿಮ್ಮನ ಕಗ್ಗ ಪ್ರಕಟವಾಯಿತು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1967ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ 1974ರಲ್ಲಿ ಪದ್ಮಭೂಷಣವೂ ಅವರಿಗೆ ಸಂದವು. ಪದವಿಯಿಲ್ಲದವರು ಬರೆದ ಗ್ರಂಥವನ್ನು ಪದವಿಗಾಗಿ ಓದುತ್ತಿರುವ ನಾವು ಪಠ್ಯವೆಂದು ಓದುತ್ತೇವೆ!

ಆದ್ದರಿಂದ ಪರೀಕ್ಷೆ ನಪಾಸಾಗುವುದೇ ಒಳ್ಳೆಯದೆಂದು ಯಾರೂ ತಿಳಿಯಬಾರದು. ಅವರಂತೆ ಸೋತು ಎಲ್ಲಿಯೂ ಕಾಣಿಸದೆ ಹೋದವರು ಎಷ್ಟೋ ಮಂದಿ ಇದ್ದಾರು. ಅವರ ಚರಿತ್ರೆಯನ್ನು ಯಾರು ಬರೆಯುತ್ತಾರೆ? ಈ ನಿದರ್ಶನದಿಂದ ನಾನು ತೆಗೆದುಕೊಳ್ಳುವ ಅರ್ಥ ಇಷ್ಟೇ: ಅನ್ನದ ಕೆಲಸ ಬೇರೆ, ಬಾಳಿನ ಕೆಲಸ ಬೇರೆ ಆಗಿರುವ ಕಾಲ ಪ್ರತಿಯೊಬ್ಬರ ಜೀವನದಲ್ಲಿಯೂ ಬರಬಹುದು. ಆಗ ಅನ್ನದ ಕೆಲಸವನ್ನು ಹೀಯಾಳಿಸಬಾರದು, ಬಾಳಿನ ಕೆಲಸವನ್ನು ಮರೆಯಬಾರದು. ಸೋಡಾ ಕಾರ್ಖಾನೆಯ ದಿನಗಳು ಡಿ.ವಿ.ಜಿ.ಯವರಿಗೆ ಅವಮಾನವಾಗಲಿಲ್ಲ; ಆದರೆ ಅವರು ಅಲ್ಲಿಯೇ ನಿಲ್ಲಲೂ ಇಲ್ಲ.

ಇನ್ನು ಒಲವಿನ ಮಾತು. ನೇಯ್ಗೆ ಎಂದರೆ ಅಪ್ಪನಿಗೆ ಬಹಳ ಪ್ರೀತಿಯೆಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿದಾಗ ಅವರು ನಕ್ಕು, "ಪ್ರೀತಿ ಎಲ್ಲಿಂದ ಬಂತು? ಹನ್ನೆರಡು ವರ್ಷದವ ಇದ್ದಾಗ ಕೂಡಿಸಿದ್ರು, ಕೂತೆ" ಎಂದರು. ಮಗ್ಗದ ಕೂಲಿ ಎಷ್ಟು ಕಡಮೆಯೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಆ ಕಸುಬಿಗೆ ಬರಬಾರದೆಂಬುದು ಅವರ ದೃಢವಾದ ಇಚ್ಛೆ. ಹೀಗಿದ್ದರೂ ನೇಯ್ದ ಬಟ್ಟೆಯಲ್ಲಿ ಒಂದು ಎಳೆ ಸಡಿಲವಾಗಿದ್ದರೆ, ಕೊಳ್ಳುವವರ ಕಣ್ಣಿಗೆ ಅದು ಬೀಳದಿದ್ದರೂ, ಅವರಿಗೆ ಆ ರಾತ್ರಿ ಸಮಾಧಾನವಿರುವುದಿಲ್ಲ. ಇದು ಪ್ರೀತಿಯಲ್ಲದೆ ಮತ್ತೇನು? ಒಲವು ಮೊದಲು ಬಂದು ಕೆಲಸ ಆಮೇಲೆ ಬರುವುದಿಲ್ಲ. ಕೆಲಸದ ಒಳಹೊರಗುಗಳು ತಿಳಿದಷ್ಟೂ, ಅದನ್ನು ಚೆನ್ನಾಗಿ ಮಾಡುವ ಶಕ್ತಿ ಬಂದಷ್ಟೂ, ಒಲವು ತಾನಾಗಿ ಬೆಳೆಯುತ್ತದೆ. ಕಿಟ್ಟೆಲ್ ಅವರು ತಮ್ಮ ನಿಘಂಟಿನಲ್ಲಿ ಹಳಗನ್ನಡ ಕಾವ್ಯಗಳ ಶಬ್ದಗಳ ಪಕ್ಕದಲ್ಲಿಯೇ ಹಳ್ಳಿಯ ಗಾದೆಗಳನ್ನು ಕೂಡಿಸಿ ಇಟ್ಟಿದ್ದಾರೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರ ಶಬ್ದಗಳನ್ನು ಹುಡುಕಿ ಕೊಟ್ಟಿದ್ದಾರೆ. ಬರಿಯ ಕರ್ತವ್ಯವೆಂದು ಮಾಡುವವರು ಇಷ್ಟು ದೂರ ಹೋಗುವುದಿಲ್ಲ.

ಕೊನೆಗೆ ನನ್ನ ವಿಷಯ. ಮರುಪರೀಕ್ಷೆಯಲ್ಲಿ ನಾನು ಉತ್ತೀರ್ಣನಾದೆ. ಅಂಕಗಳು ಹೇಳಿಕೊಳ್ಳುವಂತೇನೂ ಇಲ್ಲ. ಕನ್ನಡ ಎಂ.ಎ. ಮಾಡಬೇಕೆಂಬ ಆಸೆಯಿದೆ. ಮನೆಯ ಸ್ಥಿತಿಯನ್ನು ನೋಡಿದರೆ ಮೊದಲು ಗುಮಾಸ್ತೆಯ ಹುದ್ದೆಯ ಪರೀಕ್ಷೆಗೆ ಕೂಡುವುದೇ ಸರಿಯೆಂದು ಕಾಣುತ್ತದೆ. ಅದನ್ನು ಇನ್ನು ಸೋಲೆಂದು ಎಣಿಸುವುದಿಲ್ಲ. ಈ ನಡುವೆ ಇನ್ನೊಂದು ಸಣ್ಣ ಕೆಲಸ ಹಿಡಿದಿದ್ದೇನೆ. ನಮ್ಮ ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ; ಅವುಗಳ ಜೊತೆಗೆ ಮಗ್ಗದ ಮಾತುಗಳೂ ಹೋಗುತ್ತಿವೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂದು ತೊಡಗಿ ಅಪ್ಪನ ಬಾಯಿಂದ ಕೇಳಿದ ಶಬ್ದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಇಲ್ಲಿಯವರೆಗೆ ನೂರ ನಲವತ್ತು ಆಗಿವೆ. ಎಪ್ಪತ್ತು ಸಾವಿರದ ಮುಂದೆ ಇದು ಏನೂ ಅಲ್ಲ. ಮೊದಮೊದಲು "ಇವನ್ನ ಬರದು ಏನು ಮಾಡ್ತೀಯೋ?" ಎನ್ನುತ್ತಿದ್ದ ಅಪ್ಪ, ಕಳೆದ ಸಲ ಊರಿಗೆ ಹೋದಾಗ, "ತಮ್ಮಾ, ಇನ್ನೊಂದು ನೆನಪಾತು, ಬರಕೋ" ಎಂದು ತಾವಾಗಿ ಕರೆದರು.

ಮಿತ್ರರೇ, ನಮ್ಮ ಪದವಿಯ ಕಾಗದ ನಮಗೆ ಕೆಲಸ ಕೊಡಿಸಬಹುದು, ಕೊಡಿಸದೆಯೂ ಇರಬಹುದು. ನಾವು ಹಿಡಿದ ಕೆಲಸವನ್ನು ಚೆನ್ನಾಗಿ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಎಳೆ ಹರಿಯುತ್ತಲೇ ಇರುತ್ತದೆ; ಗಂಟು ಹಾಕಿ ಮುಂದೆ ನೇಯೋಣ.